ನಂಜಿಲ್ಲದ ಮೇಜು: ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಅಣಿಗೊಳಿಸುವಾಗ

(ಸಂಘದ ವಾರ್ಷಿಕ ಸಮಾವೇಶದ ಶಿಕ್ಷಣ ಗೋಷ್ಠಿಯಲ್ಲಿ, ಆಪರೇಷನ್ ಥಿಯೇಟರಿನ ಹಿರಿಯ ಶುಶ್ರೂಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನರ್ಸಿಂಗ್ ಮತ್ತು ಆಪರೇಷನ್ ಥಿಯೇಟರ್ ಟೆಕ್ನಾಲಜಿ ಓದುವ ಮಕ್ಕಳು ನಮ್ಮಲ್ಲಿ ಈಗ ಸಾಕಷ್ಟು ಮಂದಿ ಇದ್ದಾರೆ, ಅವರಿಗೆ ಉಪಯೋಗವಾಗುವಂಥದ್ದು ಏನಾದರೂ ಹೇಳಿ ಎಂದು ಕಾರ್ಯದರ್ಶಿಗಳು ಕೇಳಿಕೊಂಡರು. ಸೀಟು ಎಲ್ಲಿ ಸಿಗುತ್ತದೆ, ಫೀಸು ಎಷ್ಟು, ಗಲ್ಫಿನಲ್ಲಿ ಸಂಬಳ ಎಷ್ಟು ಎಂಬುದನ್ನು ಹೇಳುವವರು ಬೇರೆ ಇದ್ದಾರೆ. ನಾನು ಅದಕ್ಕೆ ಕೈಹಾಕುವುದಿಲ್ಲ. ರೋಗಿ ಥಿಯೇಟರಿನ ಬಾಗಿಲು ದಾಟಿ ಒಳಗೆ ಬಂದ ಮೇಲೆ ಸರ್ಜನ್ನರ ಕೈಗೆ ಬ್ಲೇಡ್ ಬರುವವರೆಗೆ ಇಪ್ಪತ್ತು ಮೂವತ್ತು ನಿಮಿಷ ಇರುತ್ತದಲ್ಲ, ಅಷ್ಟರ ಬಗ್ಗೆ ಮಾತ್ರ ಮಾತನಾಡುತ್ತೇನೆ. ಸಿನಿಮಾದಲ್ಲಿ ಆ ನಿಮಿಷಗಳನ್ನು ತೋರಿಸುವುದಿಲ್ಲ. ಕೆಂಪು ದೀಪ ಹತ್ತುತ್ತದೆ, ಹೊರಗೆ ಮನೆಯವರು ಅಳುತ್ತಾರೆ, ದೀಪ ಆರುತ್ತದೆ, ಡಾಕ್ಟರು ಹೊರಗೆ ಬರುತ್ತಾರೆ. ಆದರೆ ಎಂಟು ದಿನ ಕಳೆದ ಮೇಲೆ ಹೊಲಿಗೆ ಒಣಗಿ ರೋಗಿ ಮನೆಗೆ ಹೋಗುತ್ತಾನೋ, ಗಾಯ ನಂಜಾಗಿ ಮತ್ತೆ ವಾರ್ಡಿಗೆ ಬರುತ್ತಾನೋ ಎಂಬುದು ಬಹುಮಟ್ಟಿಗೆ ಆ ಮೊದಲ ಅರ್ಧ ಗಂಟೆಯಲ್ಲಿ ತೀರ್ಮಾನವಾಗಿರುತ್ತದೆ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಸ್ವಚ್ಛವಾಗಿರುವುದು ಬೇರೆ, ಸ್ಟೆರೈಲ್ ಆಗಿರುವುದು ಬೇರೆ. ಒಗೆದು ಇಸ್ತ್ರಿ ಹಾಕಿದ ಬಿಳಿ ಬಟ್ಟೆ ಸ್ವಚ್ಛ. ಆದರೆ ಅದರ ಮೇಲೆ ಕಣ್ಣಿಗೆ ಕಾಣದ ರೋಗಾಣುಗಳು ಇರುತ್ತವೆ. ಒಂದೇ ಒಂದು ಜೀವಂತ ರೋಗಾಣುವೂ, ಅದರ ಬೀಜಾಣುವೂ ಇಲ್ಲದಂತೆ ಮಾಡಿದ್ದು ಸ್ಟೆರೈಲ್. ಇಲ್ಲಿ ಅರ್ಧ ಸ್ಟೆರೈಲ್, ಮುಕ್ಕಾಲು ಸ್ಟೆರೈಲ್ ಎಂಬುದಿಲ್ಲ. ಶಸ್ತ್ರಚಿಕಿತ್ಸೆಯ ಜಾಗದ ಸುತ್ತ ಹೀಗೆ ರೋಗಾಣುರಹಿತವಾಗಿ ಸಿದ್ಧಪಡಿಸಿದ ವಲಯಕ್ಕೆ ಸ್ಟೆರೈಲ್ ಫೀಲ್ಡ್ ಎನ್ನುತ್ತಾರೆ. ರೋಗಿಯ ಮೇಲೆ ಹೊದಿಸಿದ ಹಸಿರು ಬಟ್ಟೆ, ಉಪಕರಣಗಳ ಮೇಜು, ಗೌನು ತೊಟ್ಟು ನಿಂತವರ ಎದೆ ಮತ್ತು ಕೈಗಳು ಅದರೊಳಗೆ ಬರುತ್ತವೆ. ಆ ವಲಯಕ್ಕೆ ಬೇಲಿ ಇಲ್ಲ, ಗೆರೆ ಎಳೆದಿಲ್ಲ. ಅದು ಥಿಯೇಟರಿನಲ್ಲಿ ಕೆಲಸ ಮಾಡುವವರ ತಲೆಯೊಳಗೆ ಇರುತ್ತದೆ. ಅದನ್ನು ಕಾಯುವುದು ಕಷ್ಟವಾಗುವುದೂ ಅದಕ್ಕೇ.

ಈ ಜ್ಞಾನ ಸುಲಭವಾಗಿ ಬಂದದ್ದಲ್ಲ. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ಎರಡು ವಿಭಾಗಗಳಿದ್ದವು. ಒಂದರಲ್ಲಿ ಡಾಕ್ಟರರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. ಬಾಣಂತಿ ನಂಜಿನಿಂದ ಸಾಯುವವರು ಡಾಕ್ಟರರ ವಿಭಾಗದಲ್ಲೇ ಹೆಚ್ಚು. ಅಲ್ಲಿಗೆ ಸೇರಿಸಬೇಡಿ ಎಂದು ಹೆಂಗಸರು ಬೇಡಿಕೊಳ್ಳುತ್ತಿದ್ದರಂತೆ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯರಿಗೆ ಇದು ನಿದ್ದೆಗೆಡಿಸಿತು. ಅವರ ಸಹೋದ್ಯೋಗಿಯೊಬ್ಬರಿಗೆ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚಾಕು ತಗುಲಿ ಗಾಯವಾಯಿತು. ಅವರು ಬಾಣಂತಿಯರಂತೆಯೇ ನಂಜೇರಿ ಸತ್ತರು. ಶವದ ಕೋಣೆಯಿಂದ ಕೈಗೆ ಅಂಟಿ ಬಂದದ್ದೇ ತಾಯಂದಿರನ್ನು ಕೊಲ್ಲುತ್ತಿದೆ ಎಂದು ಸೆಮ್ಮೆಲ್‌ವೈಸ್‌ಗೆ ಹೊಳೆಯಿತು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು 1847ರ ಮೇ ತಿಂಗಳಲ್ಲಿ ಕಟ್ಟಪ್ಪಣೆ ಮಾಡಿದರು. ಆ ವರ್ಷದ ಏಪ್ರಿಲಿನಲ್ಲಿ ನೂರಕ್ಕೆ 18 ಬಾಣಂತಿಯರು ಸತ್ತಿದ್ದರು, ಜೂನಿನಲ್ಲಿ ಅದು ಸುಮಾರು 2ಕ್ಕೆ ಇಳಿಯಿತು.

ಇಷ್ಟು ಕಣ್ಣೆದುರು ಕಂಡರೂ ದೊಡ್ಡ ದೊಡ್ಡ ಡಾಕ್ಟರರು ಒಪ್ಪಲಿಲ್ಲ. ನಮ್ಮ ಕೈ ಕೊಳಕು ಎಂದು ಇವನು ಹೇಳುವುದೇ ಎಂದು ಸಿಟ್ಟಾದರು. ಸೆಮ್ಮೆಲ್‌ವೈಸ್ 1865ರ ಆಗಸ್ಟ್ 13ರಂದು ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು, ಅದೂ ಗಾಯ ನಂಜಾಗಿ. ಅದರ ಹಿಂದಿನ ದಿನವೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್, ಕಾಲು ಮುರಿದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಬಟ್ಟೆ ಕಟ್ಟಿದ್ದರು. ಹುಡುಗ ಕಾಲು ಉಳಿಸಿಕೊಂಡು ಮನೆಗೆ ನಡೆದು ಹೋದ. ಇಂದಿನ ಶಸ್ತ್ರಚಿಕಿತ್ಸೆ ಅಲ್ಲಿಂದ ಮುಂದೆ ಬೆಳೆದದ್ದು. ನೀವು ಹಾಕುವ ರಬ್ಬರ್ ಗ್ಲೌಸ್ ಕೂಡ ಮೊದಲಿಗೆ ರೋಗಿಯ ರಕ್ಷಣೆಗೆ ಬಂದದ್ದಲ್ಲ. 1889ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್‌ಗೆ ಪಾದರಸದ ಔಷಧದ ನೀರು ತಾಗಿ ಕೈಯ ಚರ್ಮ ಕಿತ್ತುಬರುತ್ತಿತ್ತು. ಸರ್ಜನ್ ಹಾಲ್‌ಸ್ಟೆಡ್ ಅವರು ಆಕೆಗಾಗಿ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳು ಗ್ಲೌಸ್ ಮಾಡಿಸಿದರು. ಮರುವರ್ಷ ಅವರಿಬ್ಬರ ಮದುವೆಯೂ ಆಯಿತು. ಒಬ್ಬ ನರ್ಸಿನ ಕೈ ಉಳಿಸಲು ಬಂದದ್ದು ಲೋಕದ ರೋಗಿಗಳನ್ನೆಲ್ಲ ಉಳಿಸಿತು ನೋಡಿ.

ಇತಿಹಾಸ ಇಷ್ಟು ಸಾಕು, ಈಗ ನಮ್ಮ ರೋಗಿಯ ಹತ್ತಿರ ಬರೋಣ.

ನಂಜು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಥಿಯೇಟರಿನ ಗಾಳಿ, ನೆಲ, ಉಪಕರಣ ಎನ್ನುತ್ತಾರೆ. ಬಹಳ ಸಲ ಅದು ರೋಗಿಯ ಸ್ವಂತ ಚರ್ಮದಿಂದಲೇ ಬರುತ್ತದೆ. ನಮ್ಮೆಲ್ಲರ ಚರ್ಮದ ಮೇಲೆ, ಮೂಗಿನ ಹೊಳ್ಳೆಯಲ್ಲಿ, ಕಂಕುಳಲ್ಲಿ, ಹೊಕ್ಕುಳಲ್ಲಿ ರೋಗಾಣುಗಳು ವಾಸವಾಗಿರುತ್ತವೆ. ಹೊರಗೆ ಇದ್ದಾಗ ಅವು ನಿರುಪದ್ರವಿ. ಚರ್ಮ ಸೀಳಿ ಒಳದಾರಿ ತೆರೆದಾಗ ಅವೇ ಶತ್ರುಗಳಾಗುತ್ತವೆ. ಚರ್ಮವನ್ನು ಆಟೋಕ್ಲೇವಿಗೆ ಹಾಕಲಾಗುವುದಿಲ್ಲವಲ್ಲ! ಹಾಗಾಗಿ ಅವುಗಳ ಸಂಖ್ಯೆಯನ್ನು ಸಾಧ್ಯವಾದಷ್ಟು ಇಳಿಸಿ, ಉಳಿದ ಮೈಯನ್ನು ಸ್ಟೆರೈಲ್ ಬಟ್ಟೆಯಿಂದ ಮುಚ್ಚಿ, ಬೇಕಾದಷ್ಟೇ ಕಿಟಕಿ ತೆರೆದಿಡುತ್ತೇವೆ.

ಆ ಕೆಲಸ ಹಿಂದಿನ ದಿನ ವಾರ್ಡಿನಲ್ಲೇ ಶುರುವಾಗುತ್ತದೆ. ರೋಗಿ ಸೋಪು ಹಚ್ಚಿ ಸ್ನಾನ ಮಾಡಬೇಕು. ಸಾಮಾನ್ಯ ಸೋಪಾದರೂ ನಡೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ. ಮುಖ್ಯವಾದದ್ದು ಕೂದಲಿನ ವಿಷಯ. ನಮ್ಮಲ್ಲಿ ಇಂದಿಗೂ ಹಿಂದಿನ ರಾತ್ರಿ ರೇಜರ್ ಹಿಡಿದು ಇಡೀ ಹೊಟ್ಟೆ ಬೋಳಿಸುವ ಪದ್ಧತಿ ಕೆಲವೆಡೆ ಬಿಟ್ಟುಹೋಗಿಲ್ಲ. ನುಣ್ಣಗೆ ಬೋಳಿಸಿದರೆ ಸ್ವಚ್ಛವಾಯಿತು ಎಂಬ ಭಾವನೆ. ವಾಸ್ತವ ಅದಕ್ಕೆ ವಿರುದ್ಧ. ರೇಜರ್ ಚರ್ಮದ ಮೇಲೆ ಕಣ್ಣಿಗೆ ಕಾಣದ ನೂರಾರು ಗೀರು ಮಾಡುತ್ತದೆ, ರಾತ್ರಿಯಿಡೀ ಆ ಗೀರುಗಳಲ್ಲಿ ರೋಗಾಣು ಬೆಳೆಯುತ್ತದೆ. 1971ರಲ್ಲೇ ಪ್ರಕಟವಾದ ಅಧ್ಯಯನವೊಂದರಲ್ಲಿ ರೇಜರಿನಿಂದ ಬೋಳಿಸಿದವರಲ್ಲಿ ನೂರಕ್ಕೆ 5.6 ಮಂದಿಗೆ ಗಾಯ ನಂಜಾಗಿತ್ತು. ಕೂದಲು ತೆಗೆಯದೇ ಬಿಟ್ಟವರಲ್ಲಿ ಅಥವಾ ಕ್ರೀಮಿನಿಂದ ತೆಗೆದವರಲ್ಲಿ ಅದು ನೂರಕ್ಕೆ 0.6 ಮಾತ್ರ. ಕೂದಲು ಅಡ್ಡಿಯಾಗದಿದ್ದರೆ ಮುಟ್ಟಲೇಬೇಡಿ, ಅಡ್ಡಿಯಾದರೆ ಕ್ಲಿಪ್ಪರಿನಿಂದ ಕತ್ತರಿಸಿ. ರೇಜರ್ ಬೇಡ ಎಂದು ವಾರ್ಡಿನಲ್ಲಿ ಹೇಳಿದರೆ “ಮೊದಲಿಂದ ಹೀಗೇ ಮಾಡ್ತಾ ಇದ್ದೀವಿ ಸಿಸ್ಟರ್” ಎಂಬ ಉತ್ತರ ಬರಬಹುದು. ವಿಯೆನ್ನಾದ ಡಾಕ್ಟರರೂ ಅದನ್ನೇ ಹೇಳಿದ್ದರು.

ಇನ್ನು ಮೈಮೇಲಿನ ವಸ್ತುಗಳು. ಬಳೆ, ಉಂಗುರ, ಮೂಗುತಿ, ಕಾಲುಂಗುರ, ಉಡಿದಾರ, ಕಟ್ಟುಹಲ್ಲು, ಉಗುರಿನ ಬಣ್ಣ ಎಲ್ಲವೂ ತೆಗೆಯಬೇಕು. ಉಗುರಿಗೆ ಬಣ್ಣವಿದ್ದರೆ, ಬೆರಳ ತುದಿಗೆ ಗಾಢ ಮದರಂಗಿ ಇದ್ದರೆ ರಕ್ತದ ಆಮ್ಲಜನಕ ನೋಡುವ ಯಂತ್ರ ತಪ್ಪು ಲೆಕ್ಕ ತೋರಿಸಬಹುದು. ಮದುವೆ ಮನೆಯಿಂದ ನೇರವಾಗಿ ಆಸ್ಪತ್ರೆಗೆ ಬಂದ ಹೆಣ್ಣುಮಕ್ಕಳಲ್ಲಿ ಇದು ನಮಗೆ ಗೊತ್ತಿರುವ ತೊಂದರೆ, ಬೇರೆ ಬೆರಳನ್ನೋ ಕಿವಿಯ ತುದಿಯನ್ನೋ ಹುಡುಕಬೇಕಾಗುತ್ತದೆ. ನಿಜವಾದ ಕಷ್ಟ ತಾಯಿತದ್ದು. ಸೊಂಟದಲ್ಲಿ, ತೋಳಲ್ಲಿ, ಕೊರಳಲ್ಲಿ ವರ್ಷಗಟ್ಟಲೆ ಬೆವರು, ಎಣ್ಣೆ ಕುಡಿದ ಕಪ್ಪು ದಾರ. ಹೊಟ್ಟೆಯ ಆಪರೇಷನ್ನಿಗೆ ಬಂದವರ ಸೊಂಟದಲ್ಲಿ ಅದನ್ನು ಬಿಡುವಂತಿಲ್ಲ. ಕೆಲವರು ಕತ್ತರಿ ತಂದು ಮಾತಿಲ್ಲದೆ ಕಚಕ್ಕನೆ ಕತ್ತರಿಸುತ್ತಾರೆ. ಹಾಗೆ ಮಾಡಬೇಡಿ. ಆ ಮುದುಕಿಗೆ ಆ ಕ್ಷಣದಲ್ಲಿ ನಿಮ್ಮ ಬಿಟಾಡಿನ್‌ಗಿಂತ ಆ ದಾರದ ಮೇಲೆ ನಂಬಿಕೆ ಹೆಚ್ಚು. ಅದು ಸರಿಯೋ ತಪ್ಪೋ ಎಂದು ಚರ್ಚಿಸುವ ಜಾಗ ಆಪರೇಷನ್ ಟೇಬಲ್ ಅಲ್ಲ. “ಉಮ್ಮಾ, ಇದನ್ನು ಬಿಚ್ಚಿ ನಿಮ್ಮ ಮಗನ ಕೈಗೆ ಕೊಡ್ತೇನೆ, ಅವ ಬಾಗಿಲ ಹೊರಗೇ ನಿಂತಿರ್ತಾನೆ, ಎಚ್ಚರ ಆದ ಕೂಡಲೇ ಕಟ್ಟಿಕೊಳ್ಳಿ” ಎಂದರೆ ಬೇಡ ಎನ್ನುವವರು ಬಹಳ ಕಡಿಮೆ. ಅದನ್ನು ವಾರ್ಡಿನಲ್ಲೇ, ಮನೆಯವರ ಎದುರಿಗೇ ಮಾಡಿ. ಟೇಬಲ್ ಮೇಲೆ ಮಲಗಿಸಿದ ಮೇಲೆ ಕಂಡುಹಿಡಿದು ಗಡಿಬಿಡಿ ಮಾಡಿದರೆ ಅವರಿಗೂ ಹೆದರಿಕೆ, ನಿಮಗೂ ಕೈ ಅಶುದ್ಧ.

ಆಂಟಿಬಯಾಟಿಕ್ ಚುಚ್ಚುಮದ್ದು ಬೇಕಾದ ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಚರ್ಮ ಸೀಳುವ ಮೊದಲಿನ ಎರಡು ಗಂಟೆಯೊಳಗೆ ಕೊಟ್ಟಿರಬೇಕು. ಯಾವ ಔಷಧ, ಎಷ್ಟು ಎಂಬುದು ಡಾಕ್ಟರರ ಕೆಲಸ. ಕೊಟ್ಟಾಗಿದೆಯೇ, ಎಷ್ಟು ಗಂಟೆಗೆ ಎಂದು ಕೇಸ್ ಶೀಟಿನಲ್ಲಿ ನೋಡುವುದು ನಿಮ್ಮ ಕೆಲಸ.

ಈಗ ಕೈ ತೊಳೆಯುವುದು. ಥಿಯೇಟರಿನಲ್ಲಿ ಸ್ಕ್ರಬ್ ಎನ್ನುತ್ತಾರೆ. ದಿನದ ಮೊದಲ ಸಲ ಐದು ನಿಮಿಷ, ಬೆರಳ ತುದಿಯಿಂದ ಮೊಣಕೈ ದಾಟುವವರೆಗೆ. ಕೈಯನ್ನು ಸದಾ ಮೊಣಕೈಗಿಂತ ಮೇಲೆ ಹಿಡಿಯಬೇಕು, ನೀರು ಬೆರಳಿನಿಂದ ಮೊಣಕೈ ಕಡೆಗೆ ಇಳಿದು ಹೋಗಬೇಕು. ಮೊಣಕೈಯ ಕೊಳಕು ನೀರು ಬೆರಳಿಗೆ ಬರಬಾರದು. ವುಝೂ ಮಾಡುವ ನಿಮಗೆ ಮೊಣಕೈವರೆಗೆ ತೊಳೆಯುವುದು ಹೊಸತಲ್ಲ. ಆದರೆ ಅದರ ಉದ್ದೇಶ ಬೇರೆ, ಇದರ ವಿಧಾನ ಬೇರೆ. ನಮಾಝಿಗೆ ಈಗಷ್ಟೇ ಕೈ ತೊಳೆದಿದ್ದೇನೆ ಎಂದು ಸ್ಕ್ರಬ್ಬಿನಲ್ಲಿ ಒಂದು ನಿಮಿಷ ಉಳಿಸಲು ಹೋಗಬೇಡಿ.

ಇಲ್ಲಿ ನಮ್ಮ ಹೆಣ್ಣುಮಕ್ಕಳು ಮತ್ತು ಅವರ ತಂದೆತಾಯಿ ನನ್ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಬರುತ್ತದೆ. ತಲೆವಸ್ತ್ರ ಮತ್ತು ಉದ್ದ ತೋಳಿನ ಪ್ರಶ್ನೆ. 2023ರಲ್ಲಿ ತಿರುವನಂತಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಏಳು ವಿದ್ಯಾರ್ಥಿನಿಯರು ಥಿಯೇಟರಿನಲ್ಲಿ ಉದ್ದ ತೋಳಿನ ಅಂಗಿ ಮತ್ತು ತಲೆ ಮುಚ್ಚುವ ಸರ್ಜಿಕಲ್ ಹುಡ್ ಧರಿಸಲು ಅನುಮತಿ ಕೇಳಿ ಪತ್ರ ಬರೆದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಟಿ.ವಿ.ಯಲ್ಲಿ ಎರಡೂ ಕಡೆಯವರು ಕೂಗಾಡಿದರು. ಥಿಯೇಟರಿನ ಒಳಗಿನ ಮಾತು ಅದಕ್ಕಿಂತ ಸರಳವಾಗಿದೆ. ಇಂಗ್ಲೆಂಡಿನ ಆರೋಗ್ಯ ಇಲಾಖೆ ರೋಗಿಯ ಆರೈಕೆಯ ವೇಳೆ ಮೊಣಕೈ ಕೆಳಗೆ ಬಟ್ಟೆ ಇರಬಾರದು ಎಂಬ ನಿಯಮ ಇಟ್ಟುಕೊಂಡೇ, 2010ರಲ್ಲಿ ಒಮ್ಮೆ ಬಳಸಿ ಎಸೆಯುವ ತೋಳುಗವಸಿಗೆ ಅವಕಾಶ ಕೊಟ್ಟಿತು. ಅಲ್ಲಿನ ಡರ್ಬಿ ನಗರದ ಆಸ್ಪತ್ರೆ 2019ರಲ್ಲಿ ಬಳಸಿ ಎಸೆಯುವ ತಲೆವಸ್ತ್ರವನ್ನೇ ತಂದಿತು. ತಲೆ, ಕಿವಿ, ಕುತ್ತಿಗೆ ಮುಚ್ಚುವ ಹುಡ್‌ನಿಂದ ರೋಗಿಗೆ ಏನೂ ತೊಂದರೆಯಿಲ್ಲ, ಗಡ್ಡ ಬಿಟ್ಟ ಹುಡುಗರಂತೂ ಅದನ್ನು ಹಾಕಲೇಬೇಕು. ತೊಂದರೆ ಇರುವುದು ಮನೆಯಿಂದ, ಬಸ್ಸಿನಿಂದ, ಕ್ಯಾಂಟೀನಿನಿಂದ ತಲೆಯ ಮೇಲೆ ಬಂದ ಬಟ್ಟೆಯಿಂದ, ಅದಕ್ಕೆ ಚುಚ್ಚಿದ ಪಿನ್ನಿನಿಂದ. ಪಿನ್ ಕಳಚಿ ಹೊಟ್ಟೆಯೊಳಗೆ ಬಿದ್ದರೆ ಏನು ಗತಿ? ಇದೇ ಮಾತು ಮಣಿಕಟ್ಟಿನ ಕೆಂಪು ದಾರಕ್ಕೂ, ಕೈಗಡಿಯಾರಕ್ಕೂ, ದೊಡ್ಡ ಡಾಕ್ಟರರ ಉಂಗುರಕ್ಕೂ ಅನ್ವಯಿಸುತ್ತದೆ. ಆಸ್ಪತ್ರೆಯಲ್ಲೇ ಒಗೆದ ಅಥವಾ ಬಳಸಿ ಎಸೆಯುವ ಹುಡ್ ಕೇಳಿ ಪಡೆಯಿರಿ, ವಿನಯದಿಂದ, ಕಾರಣ ಹೇಳಿ. ಸ್ಕ್ರಬ್ ಮಾಡುವ ಆ ಐದು ನಿಮಿಷ ಮೊಣಕೈ ಮೇಲಿನವರೆಗೆ ಬರಿಗೈ ಇರಲೇಬೇಕು, ಅದರಲ್ಲಿ ರಾಜಿ ಇಲ್ಲ. ಅದಾದ ಮೇಲೆ ತೊಡುವ ಸ್ಟೆರೈಲ್ ಗೌನು ಹೇಗೂ ಮಣಿಕಟ್ಟಿನವರೆಗೆ ಮುಚ್ಚುತ್ತದೆ. ಇಷ್ಟಕ್ಕಾಗಿ ಮಗಳ ಓದು ನಿಲ್ಲಿಸಬೇಡಿ ಎಂದು ಇಲ್ಲಿರುವ ತಂದೆಯರಲ್ಲಿ ನನ್ನ ವಿನಂತಿ.

ಗೌನು ತೊಟ್ಟ ಮೇಲೆ ನೀವು ಪೂರ್ತಿ ಸ್ಟೆರೈಲ್ ಆದಿರಿ ಎಂದು ತಿಳಿಯಬೇಡಿ. ಮುಂಭಾಗದಲ್ಲಿ ಎದೆಯಿಂದ ಟೇಬಲ್ಲಿನ ಮಟ್ಟದವರೆಗೆ, ತೋಳಿನಲ್ಲಿ ಮೊಣಕೈಗಿಂತ ಎರಡು ಇಂಚು ಮೇಲಿನಿಂದ ಕೈವರೆಗೆ ಮಾತ್ರ ಸ್ಟೆರೈಲ್. ಬೆನ್ನು ಅಲ್ಲ, ಕಂಕುಳು ಅಲ್ಲ, ಸೊಂಟದ ಕೆಳಗೆ ಅಲ್ಲ. ಅದಕ್ಕೇ ಸ್ಕ್ರಬ್ ಆದವರು ಒಬ್ಬರನ್ನೊಬ್ಬರು ದಾಟುವಾಗ ಎದುರಿಗೆ ಎದುರು ಅಥವಾ ಬೆನ್ನಿಗೆ ಬೆನ್ನು ಮಾಡಿ ದಾಟುತ್ತಾರೆ. ಕೈ ಕಟ್ಟಿ ಕಂಕುಳಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿದ್ದವರು ಮೊದಲ ದಿನವೇ ಬೈಸಿಕೊಳ್ಳುತ್ತಾರೆ.

ರೋಗಿಯ ಚರ್ಮಕ್ಕೆ ಔಷಧ ಬಳಿಯುವುದಕ್ಕೆ ನಾವು ಪೇಂಟಿಂಗ್ ಎನ್ನುತ್ತೇವೆ. ಪೊವಿಡೋನ್ ಅಯೋಡಿನ್ ಆದರೆ ಸೀಳುವ ಜಾಗದಿಂದ ಶುರುಮಾಡಿ ಸುತ್ತು ಸುತ್ತಾಗಿ ಹೊರಗೆ ಹೋಗಬೇಕು. ಹೊರಗೆ ಹೋದ ಹತ್ತಿ ಮತ್ತೆ ನಡುವಿಗೆ ಬರಬಾರದು, ಎಸೆದು ಹೊಸದು ತೆಗೆದುಕೊಳ್ಳಬೇಕು. ಹೊಕ್ಕುಳು, ತೊಡೆಸಂದಿ, ಕಂಕುಳು ಮುಂತಾದ ಕೊಳೆ ನಿಲ್ಲುವ ಜಾಗಗಳು ಕೊನೆಗೆ, ಬೇರೆ ಹತ್ತಿಯಲ್ಲಿ. ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಉತ್ತಮ ಎಂದು ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ಅಯೋಡಿನ್ ಬಳಿದವರಲ್ಲಿ ನೂರಕ್ಕೆ 16, ಕ್ಲೋರ್‌ಹೆಕ್ಸಿಡಿನ್ ಬಳಿದವರಲ್ಲಿ ನೂರಕ್ಕೆ 9.5 ಮಂದಿಗೆ ನಂಜಾಗಿತ್ತು. ಆದರೆ ಭಾರತವೂ ಸೇರಿದಂತೆ ಏಳು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಯಾವ ಬಾಟಲಿ ಎಂಬ ಜಗಳಕ್ಕಿಂತ ಅದು ಒಣಗುವವರೆಗೆ ಕಾಯುತ್ತೀರಾ ಎಂಬುದು ದೊಡ್ಡ ಪ್ರಶ್ನೆ. ಔಷಧಕ್ಕೆ ರೋಗಾಣು ಕೊಲ್ಲಲು ಸಮಯ ಬೇಕು, ಕನಿಷ್ಠ ಮೂರು ನಿಮಿಷ ಎಂದು ಇಟ್ಟುಕೊಳ್ಳಿ. ಸ್ಪಿರಿಟ್ ಇರುವ ಔಷಧ ಒಣಗುವ ಮೊದಲೇ ಬಟ್ಟೆ ಹೊದಿಸಿ ಕಾಟರಿ ಹಚ್ಚಿದರೆ ಬೆಂಕಿಯೇ ಹತ್ತಬಹುದು, ಬೆನ್ನಡಿ ಹರಿದು ನಿಂತ ಔಷಧ ಚರ್ಮ ಸುಡಬಹುದು. ಆ ಮೂರು ನಿಮಿಷ ಎಲ್ಲರೂ ಗಡಿಯಾರ ನೋಡುತ್ತಿರುತ್ತಾರೆ, ಮುಂದಿನ ಕೇಸು ಕಾಯುತ್ತಿರುತ್ತದೆ. ಥಿಯೇಟರಿನಲ್ಲಿ ಅತಿ ಕಷ್ಟದ ಕೆಲಸ ಸುಮ್ಮನೆ ನಿಲ್ಲುವುದು.

ಬಟ್ಟೆ ಹೊದಿಸುವಾಗ ನಿಮ್ಮ ಗ್ಲೌಸ್ ರೋಗಿಯ ಬರಿ ಚರ್ಮಕ್ಕೆ ತಾಗದಂತೆ ಬಟ್ಟೆಯ ಅಂಚನ್ನು ಕೈಮೇಲೆ ಮಡಚಿಕೊಳ್ಳಿ. ಒಮ್ಮೆ ಇಟ್ಟ ಬಟ್ಟೆಯನ್ನು ನಡುವಿನ ಕಡೆಗೆ ಎಳೆಯಬಾರದು. ತಪ್ಪಿ ಹತ್ತಿರ ಬಿದ್ದರೆ ಹೊರಗೆ ಸರಿಸಬಹುದು, ದೂರ ಬಿದ್ದರೆ ತೆಗೆದು ಹೊಸದು ಹಾಕಬೇಕು. ಟೇಬಲ್ಲಿನ ಅಂಚಿನಿಂದ ಕೆಳಗೆ ಜೋತುಬಿದ್ದ ಭಾಗ ಸ್ಟೆರೈಲ್ ಅಲ್ಲ. ಬಟ್ಟೆ ಒದ್ದೆಯಾಯಿತೋ, ಅಡಿಯ ರೋಗಾಣು ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಮೇಲೆ ಏರುತ್ತದೆ. ಒದ್ದೆಯಾದ ಪ್ಯಾಕೆಟ್ ಆಟೋಕ್ಲೇವಿನಿಂದ ಈಗ ತಾನೇ ಬಂದಿದ್ದರೂ ಅದನ್ನು ಬಿಚ್ಚಬಾರದು.

ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೀರಿ. ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಮಾತೊಂದಿದೆ: ಸಂಶಯ ಬಂದರೆ ಅದು ಸ್ಟೆರೈಲ್ ಅಲ್ಲ ಎಂದೇ ತಿಳಿಯಬೇಕು. ಓದಲು ಸುಲಭ. ಸಂಶಯ ಬಂದದ್ದು ನಿಮಗೆ, ತಾಗಿದ್ದು ಮೂವತ್ತು ವರ್ಷ ಅನುಭವದ ಸರ್ಜನ್ನರ ಕೈ ಆಗಿದ್ದರೆ? ಅವರ ಗ್ಲೌಸ್ ಮೇಲಿನ ದೀಪದ ಹಿಡಿಕೆಗೆ ತಾಗಿತು. ನೀವು ಮಾತ್ರ ನೋಡಿದಿರಿ. ನೀವು ಎರಡನೇ ವರ್ಷದ ವಿದ್ಯಾರ್ಥಿನಿ. ಹೇಳಿದರೆ ಗದರಿಸಬಹುದು, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎಂಟು ದಿನದ ಮೇಲೆ ಗಾಯದಲ್ಲಿ ಕೀವು ಬಂದರೂ ಆ ದೀಪದ ಹಿಡಿಕೆಯನ್ನು ಯಾರೂ ನೆನೆಸುವುದಿಲ್ಲ, ರೋಗಿಗೆ ಸಕ್ಕರೆ ಕಾಯಿಲೆ ಇತ್ತು ಎನ್ನುತ್ತಾರೆ. ಇಡೀ ಥಿಯೇಟರಿನ ಶುದ್ಧತೆ ನಿಂತಿರುವುದು ಆ ಹುಡುಗಿ ಬಾಯಿ ತೆರೆಯುತ್ತಾಳೋ ಇಲ್ಲವೋ ಎಂಬುದರ ಮೇಲೆ.

ಇದಕ್ಕೆ ಇಂಗ್ಲಿಷಿನಲ್ಲಿ ಸರ್ಜಿಕಲ್ ಕಾನ್ಷೆನ್ಸ್ ಎನ್ನುತ್ತಾರೆ. ಆತ್ಮಸಾಕ್ಷಿ ಒಂದೇ ಸಾಲದು ಎಂಬುದು ನನ್ನ ಅನುಭವ. ಹೆದರಿದ ಮಕ್ಕಳಿಗೆ ಆತ್ಮಸಾಕ್ಷಿ ಇಲ್ಲದೆ ಇರುವುದಿಲ್ಲ, ಮಾತು ಇರುವುದಿಲ್ಲ. ಹಾಗಾಗಿ ಮಾತನ್ನು ಮೊದಲೇ ಕಲಿತು ಇಟ್ಟುಕೊಳ್ಳಿ. “ಸರ್, ನಿಮ್ಮ ಬಲಗೈ ಗ್ಲೌಸ್ ಲೈಟಿಗೆ ತಾಗಿತು, ಹೊಸ ಗ್ಲೌಸ್ ಕೊಡ್ತೇನೆ.” ಇಷ್ಟೇ. ‘ನೀವು ತಪ್ಪು ಮಾಡಿದಿರಿ’ ಎನ್ನಬೇಡಿ, ‘ಬಹುಶಃ’ ಎಂದೂ ರಾಗ ಎಳೆಯಬೇಡಿ. ಏನು ತಾಗಿತು, ಎಲ್ಲಿಗೆ ತಾಗಿತು ಎಂದು ಹೇಳಿ, ಹೊಸ ಗ್ಲೌಸಿನ ಪ್ಯಾಕೆಟ್ ಆಗಲೇ ಕೈಯಲ್ಲಿ ಹಿಡಿದಿರಿ. ಒಳ್ಳೆಯ ಸರ್ಜನ್ನರು ಮಾತಾಡದೆ ಕೈ ಚಾಚುತ್ತಾರೆ. ಅಂಥವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಗದರಿಸುವವರನ್ನೂ ನೋಡಿದ್ದೇನೆ, ಗದರಿಸುತ್ತಲೇ ಗ್ಲೌಸ್ ಬದಲಿಸುತ್ತಾರೆ. ಬದಲಿಸಿದರಲ್ಲ, ನಿಮ್ಮ ಕೆಲಸ ಆಯಿತು. ಇನ್ನೊಂದು ಮಾತು: ನಿಮ್ಮ ಕೈಯೇ ತಾಗಿದಾಗ, ಯಾರೂ ನೋಡದಿದ್ದಾಗ, ಅದೇ ದನಿಯಲ್ಲಿ ಹೇಳಿ. ತನ್ನದನ್ನು ಹೇಳಿಕೊಳ್ಳುವವಳು ಇನ್ನೊಬ್ಬರದನ್ನು ಹೇಳಿದಾಗ ಕೇಳುವವರಿಗೆ ನೋವಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಪುಟದ ಸುರಕ್ಷತಾ ಪಟ್ಟಿ ಹೊರತಂದಿತು. ಚರ್ಮ ಸೀಳುವ ಮೊದಲು ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಎಂದು ಅದರಲ್ಲಿದೆ. ದಿನಾ ನೋಡುವವರು ಹೆಸರು ಯಾಕೆ ಹೇಳಬೇಕು ಎಂದು ನಗುವವರಿದ್ದಾರೆ. ಒಮ್ಮೆ ಬಾಯಿ ತೆರೆದವನಿಗೆ ಮತ್ತೊಮ್ಮೆ ತೆರೆಯುವುದು ಸುಲಭ, ಅದೇ ಅದರ ಗುಟ್ಟು. ಉಪಕರಣಗಳು ಸ್ಟೆರೈಲ್ ಆಗಿರುವುದು ಖಚಿತವಾಗಿದೆಯೇ ಎಂದು ನರ್ಸ್‌ಗಳನ್ನು ಕೇಳುವ ಪ್ರಶ್ನೆಯೂ ಆ ಪಟ್ಟಿಯಲ್ಲಿದೆ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ಪ್ರಕಟವಾಯಿತು. ಒಂದು ಹಾಳೆ ಕಾಗದ!

ಕೊನೆಗೆ ಸಂಘದ ಹಿರಿಯರಿಗೆ ಸಂಬಂಧಿಸಿದ ವಿಷಯ. ಬೇಸಿಗೆ ರಜೆಯಲ್ಲಿ ನಮ್ಮ ಅನೇಕ ಸಂಘಟನೆಗಳು ಬಡ ಮಕ್ಕಳಿಗಾಗಿ ಉಚಿತ ಸಾಮೂಹಿಕ ಮುಂಜಿ, ಅಂದರೆ ಸುನ್ನತ್ ಶಿಬಿರ ಮಾಡುತ್ತವೆ. ಒಳ್ಳೆಯ ಕೆಲಸ. ಹಿಂದೆ ಕ್ಷೌರಿಕರು ಮನೆಗೆ ಬಂದು ಒಂದೇ ಕತ್ತಿಯಲ್ಲಿ ಕೇರಿಯ ಹುಡುಗರಿಗೆಲ್ಲ ಮಾಡಿ ಹೋಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಡಾಕ್ಟರರು ಬಂದು ಮಾಡುವುದು ದೊಡ್ಡ ಮುನ್ನಡೆ. ಆದರೆ ಬ್ಯಾನರಿನಲ್ಲಿ ಇಷ್ಟು ಮಕ್ಕಳಿಗೆ ಎಂದು ದೊಡ್ಡ ಸಂಖ್ಯೆ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಸಂಖ್ಯೆ ಹೆಚ್ಚಿದಂತೆ ಸ್ಟೆರೈಲ್ ಫೀಲ್ಡ್ ಕಿರಿದಾಗುತ್ತದೆ. ಇದು ಸಣ್ಣ ಶಸ್ತ್ರಚಿಕಿತ್ಸೆ ಇರಬಹುದು, ಆದರೆ ಶಸ್ತ್ರಚಿಕಿತ್ಸೆಯೇ.

ನಿಮ್ಮ ಹತ್ತಿರ ಎಷ್ಟು ಉಪಕರಣಗಳ ಸೆಟ್ ಇದೆ ಎಂದು ಮೊದಲು ಎಣಿಸಿ. ಹತ್ತು ಸೆಟ್ ಇದ್ದರೆ ಬೆಳಿಗ್ಗೆ ಹತ್ತು ಮಕ್ಕಳು. ಹನ್ನೊಂದನೆಯವನಿಗಾಗಿ ಮೊದಲನೆಯವನ ಕತ್ತರಿಯನ್ನು ಹತ್ತು ನಿಮಿಷ ಸೈಡೆಕ್ಸಿನಲ್ಲಿ ಮುಳುಗಿಸಿ ತೆಗೆದರೆ ಅದು ಸ್ಟೆರೈಲ್ ಆಗುವುದಿಲ್ಲ. ಆ ದ್ರಾವಣದಲ್ಲಿ ಬೀಜಾಣುಗಳು ಸಾಯಲು ಹತ್ತು ಗಂಟೆ ಬೇಕು. ಕುದಿಯುವ ನೀರೂ ಸಾಲದು, ಧನುರ್ವಾಯು ತರುವ ರೋಗಾಣುವಿನ ಬೀಜ 100 ಡಿಗ್ರಿಯಲ್ಲಿ ಕುದಿಸಿದರೂ ಉಳಿದೀತು. ಆಟೋಕ್ಲೇವ್ ಎಂದರೆ ನಮ್ಮ ಅಡುಗೆಮನೆಯ ಕುಕ್ಕರಿನ ಅಣ್ಣ. ಒತ್ತಡದಿಂದ ಹಬೆಯ ಶಾಖ 121 ಡಿಗ್ರಿಗೆ ಏರುತ್ತದೆ, ಬಟ್ಟೆ ಸುತ್ತಿದ ಪ್ಯಾಕೆಟ್ ಅದರಲ್ಲಿ 30 ನಿಮಿಷ ಇರಬೇಕು, ಆಮೇಲೆ ಒಣಗಬೇಕು. ಪ್ಯಾಕೆಟ್ಟಿನ ಟೇಪಿನ ಮೇಲೆ ಕಪ್ಪು ಗೆರೆ ಬಂದಿದೆಯೇ ನೋಡಿ. ಆ ಗೆರೆ ಶಾಖ ತಾಗಿತು ಎನ್ನುತ್ತದೆ ಅಷ್ಟೇ, ಒಳಗೆಲ್ಲ ಸ್ಟೆರೈಲ್ ಆಗಿದೆ ಎಂದು ಅದೊಂದೇ ಹೇಳಲಾರದು. ಗೆರೆಯೇ ಬಂದಿಲ್ಲದಿದ್ದರಂತೂ ಬದಿಗಿಡಿ.

ಸಾಧ್ಯವಾದರೆ ಶಿಬಿರವನ್ನು ಮದರಸದ ಸಭಾಂಗಣದಲ್ಲಿ ಮಾಡುವ ಬದಲು ಊರಿನ ಯಾವುದಾದರೂ ಆಸ್ಪತ್ರೆಯ ಥಿಯೇಟರಿನಲ್ಲಿ ಎರಡು ಮೂರು ದಿನಗಳಿಗೆ ಹಂಚಿ ಮಾಡಿ. ಸಭಾಂಗಣದಲ್ಲಿ ಫ್ಯಾನ್ ತಿರುಗುತ್ತಿರುತ್ತದೆ, ಅಜ್ಜ, ಮಾವ, ಫೋಟೋ ತೆಗೆಯುವವರು ಎಲ್ಲ ಟೇಬಲ್ಲಿನ ಸುತ್ತ ನಿಂತಿರುತ್ತಾರೆ. ಮುಖ್ಯ ಅತಿಥಿಗಳು ಒಳಗೆ ಬಂದು ಮಗುವಿನ ತಲೆ ಸವರುವುದನ್ನೂ ನೋಡಿದ್ದೇನೆ. ಅತಿಥಿಗಳ ಭಾಷಣ ಹೊರಗೆ ಇರಲಿ. ಪ್ರತಿ ಮಗುವಿಗೆ ಹೊಸ ಬ್ಲೇಡ್, ಹೊಸ ಗ್ಲೌಸ್, ಹೊಸ ರಂಧ್ರದ ಬಟ್ಟೆ. ಅರಿವಳಿಕೆಯ ಬಾಟಲಿಗೆ ಪ್ರತಿಸಲ ಹೊಸ ಸಿರಿಂಜ್, ಹೊಸ ಸೂಜಿ. ಇದರಲ್ಲಿ ಉಳಿತಾಯ ಮಾಡಿದರೆ ಒಬ್ಬ ಹುಡುಗನ ಕಾಮಾಲೆ ಇನ್ನೊಬ್ಬನಿಗೆ ದಾಟುತ್ತದೆ. ಈ ಭಾಗಕ್ಕೆ ಸ್ಪಿರಿಟ್ ಬೆರೆತ ಔಷಧ ಬಳಿಯಬಾರದು, ನೀರಿನ ಅಯೋಡಿನ್ ಬಳಸಬೇಕು. ಮುಂದೊಗಲನ್ನು ಮೆಲ್ಲಗೆ ಹಿಂದೆ ಸರಿಸಿ ಅದರಡಿಯ ಕೊಳೆ ತೆಗೆದು ಅಲ್ಲಿಗೂ ಬಳಿಯಬೇಕು, ಹೊರಗೆ ಬಳಿದರಷ್ಟೇ ಸಾಲದು. ಇದನ್ನೆಲ್ಲ ಡಾಕ್ಟರರಿಗೆ ನೀವು ಕಲಿಸಬೇಕಿಲ್ಲ, ಆದರೆ ಸಾಮಾನು ತರಿಸುವವರು ನೀವು. ಐವತ್ತು ಮಕ್ಕಳ ಪಟ್ಟಿ ಮಾಡಿ ಮೂವತ್ತು ಮಕ್ಕಳ ಸಾಮಾನು ತಂದರೆ ಒಳಗಿದ್ದವರು ಏನು ಮಾಡಿಯಾರು? ಈ ವಾರ್ಷಿಕ ಸಂಚಿಕೆ ಕೈಗೆ ಬಂದ ಮೇಲೆ ಮುಂದಿನ ಶಿಬಿರದ ಸಮಿತಿಯಲ್ಲಿ ನರ್ಸಿಂಗ್ ಓದುವ ಇಬ್ಬರು ವಿದ್ಯಾರ್ಥಿನಿಯರನ್ನು ಸೇರಿಸಿಕೊಳ್ಳಿ, ಸಾಮಾನಿನ ಪಟ್ಟಿಯನ್ನು ಅವರ ಕೈಗೇ ಕೊಡಿ.

ಹುಡುಗನನ್ನು ಮನೆಗೆ ಕಳಿಸುವಾಗ ಹೊಸ ಲುಂಗಿ, ಮಿಠಾಯಿ ಪೊಟ್ಟಣದ ಜೊತೆಗೆ ಒಂದು ಚೀಟಿ ಇರಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಬೂದಿ, ಎಣ್ಣೆ, ಸೊಪ್ಪಿನ ರಸ ಹಚ್ಚಬೇಡಿ. ಪಟ್ಟಿ ಯಾವಾಗ ಬಿಚ್ಚಬೇಕು ಎಂಬುದನ್ನು ಡಾಕ್ಟರರನ್ನು ಕೇಳಿ ಬರೆಯಿರಿ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಕೆಂಪಾಗಿ ಕೀವು ಕಂಡರೆ, ಮೂತ್ರ ಕಟ್ಟಿದರೆ ಯಾರಿಗೆ ಕರೆ ಮಾಡಬೇಕು ಎಂಬ ನಂಬರು ಅದರ ಕೆಳಗಿರಲಿ. ಆ ನಂಬರಿನವರು ರಾತ್ರಿ ಹನ್ನೆರಡು ಗಂಟೆಗೂ ಫೋನ್ ಎತ್ತುವವರಾಗಿರಲಿ.